ಕೊರಿಯಾ ದೇಶದಲ್ಲಿ ನಾವುಂಡ ಊಟ

ದಕ್ಷಿಣ ಕೊರಿಯಾಕ್ಕೆ ಹೋಗಿ ಬಂದ ಮೇಲೆ ಸಂಘದ ಹಿರಿಯರಿಂದ ಹಿಡಿದು ನೆರೆಮನೆಯ ಮಕ್ಕಳವರೆಗೆ ಎಲ್ಲರೂ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ನೀವು ಏನು ಉಂಡಿರಿ?" ಅಲ್ಲಿನ ಅರಮನೆಗಳ ಬಗ್ಗೆ ಯಾರೂ ಕೇಳಲಿಲ್ಲ. ಪ್ರಶ್ನೆ ಸಹಜವೇ. ನಾವಿಬ್ಬರೂ ಮೀನು, ಮಾಂಸ ಮುಟ್ಟದವರು. ಮನೆಯವರಿಗಂತೂ ಮಂಗಳೂರಿನ ಹೋಟೆಲೂ ಪರದೇಶವೇ. ಸಿಯೋಲ್ ನಗರದಲ್ಲಿ ಉದ್ಯೋಗದಲ್ಲಿರುವ ಮಗನ ಬಳಿ ಶರತ್ಕಾಲದ ಮೂರು ವಾರ ಕಳೆದು ಬಂದಿದ್ದೇವೆ. ಮುಂದೆ ಆ ಕಡೆ ಹೋಗುವವರಿಗೂ ಉಪಯೋಗವಾದೀತೆಂದು ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಆದರೆ ಹೊರಡುವಾಗ ನಮ್ಮ ಮನಸ್ಸಿನಲ್ಲಿದ್ದ ಪ್ರಶ್ನೆ ಬೇರೆಯೇ ಆಗಿತ್ತು. ಈ ಹುಡುಗ ಅಲ್ಲಿ ಯಾರ ಜೊತೆ ಉಣ್ಣುತ್ತಾನೆ? ಹೋದ ಹೊಸತರಲ್ಲಿ ಅವನು ಫೋನಿನಲ್ಲಿ ಒಮ್ಮೆ ನಗುತ್ತಲೇ ಹೇಳಿದ್ದನು: ಒಂದು ಊಟದ ಮನೆಯಲ್ಲಿ "ಒಬ್ಬರಿಗೆ ಬಡಿಸುವುದಿಲ್ಲ" ಎಂದು ಹಿಂದಕ್ಕೆ ಕಳುಹಿಸಿದರಂತೆ. ಅವನು ನಕ್ಕನು, ಅವನ ತಾಯಿ ಆ ರಾತ್ರಿ ಉಣ್ಣಲಿಲ್ಲ. ಅಲ್ಲಿಗೆ ಹೋದ ಮೇಲೆ ಕಾರಣ ತಿಳಿಯಿತು. ಆ ದೇಶದ ಎಷ್ಟೋ ಅಡುಗೆಗಳು ಒಂದೇ ಪಾತ್ರೆಯಲ್ಲಿ ಮೇಜಿನ ನಡುವೆ ಕುದಿಯುವಂಥವು. ಅವನ್ನು ಕನಿಷ್ಠ ಇಬ್ಬರಿಗೆಂದೇ ಮಾಡುವ ಪದ್ಧತಿ ಅನೇಕ ಕಡೆ ಉಂಟು. ಒಂಟಿಯಾಗಿ ಹೋಗುವ ಪ್ರವಾಸಿಗರು ಇದನ್ನು ತಿಳಿದಿರುವುದು ಒಳ್ಳೆಯದು.

ಊಟದ ಕಟ್ಟು ಮಾತ್ರ ನಮಗೆ ಅಪರಿಚಿತವೆನಿಸಲಿಲ್ಲ. ಅನ್ನಕ್ಕೆ ಅವರು 'ಬಪ್' ಎನ್ನುತ್ತಾರೆ. ಊಟಕ್ಕೂ ಅದೇ ಶಬ್ದ. ಎದುರಾದವರನ್ನು "ಬಪ್ ಉಂಡಿರಾ?" ಎಂದು ಕೇಳುವುದೇ ಅಲ್ಲಿನ ಕುಶಲಪ್ರಶ್ನೆ. ಅನ್ನ, ಒಂದು ಸಾರು, ಸುತ್ತಲೂ ಚಿಕ್ಕ ತಟ್ಟೆಗಳಲ್ಲಿ 'ಬಾಂಚನ್' ಎಂಬ ವ್ಯಂಜನಗಳು: ಮೊಳಕೆಕಾಳು, ಪಾಲಕ್, ಮೂಲಂಗಿ, ಕಿಮ್ಚಿ. ಎಲೆಯ ತುದಿಯ ಪಲ್ಯ, ಕೋಸಂಬರಿ, ಉಪ್ಪಿನಕಾಯಿಗಳೇ ತಟ್ಟೆಗೆ ಏರಿ ಕುಳಿತಂತೆ. ಇವಕ್ಕೆ ಬೇರೆ ಬೆಲೆಯಿಲ್ಲ, ಮುಗಿದರೆ ಸಾಮಾನ್ಯವಾಗಿ ಮತ್ತೆ ತಂದಿಡುತ್ತಾರೆ. ಭಕ್ಷೀಸು ಕೊಡುವ ರೂಢಿಯಿಲ್ಲ. ಅನ್ನವನ್ನು ಉಣ್ಣುವುದು ಚಮಚದಿಂದ. ಲೋಹದ ಕಡ್ಡಿಗಳು ವ್ಯಂಜನಗಳಿಗೆ. ಜಪಾನಿನವರಂತೆ ಬಟ್ಟಲನ್ನು ಕೈಯಲ್ಲೆತ್ತಿ ಉಂಡರೆ ಅಲ್ಲಿ ಅಸಭ್ಯ. ಹಿರಿಯರು ಚಮಚ ಎತ್ತುವವರೆಗೆ ಕಿರಿಯರು ಕಾಯಬೇಕು. ಊರಿನಲ್ಲಿ ಬಡಿಸುವ ಮೊದಲೇ ಹಪ್ಪಳ ಮುರಿಯುತ್ತಿದ್ದ ನಮ್ಮ ಮಗ ಅಲ್ಲಿ ನಮ್ಮ ಚಮಚವನ್ನೇ ನೋಡುತ್ತ ಕುಳಿತಿದ್ದನು. ಮೂವತ್ತು ವರ್ಷ ಶಾಲೆಯಲ್ಲಿ ಶಿಸ್ತು ಕಲಿಸಿದ ನಮಗೆ ಸಾಧ್ಯವಾಗದ್ದನ್ನು ಕೊರಿಯಾ ಸಾಧಿಸಿತ್ತು.

ಸಸ್ಯಾಹಾರಿಗಳಿಗೆ ಕಷ್ಟವಿರುವುದು ಕಣ್ಣಿಗೆ ಕಾಣದ ಮೀನಿನಲ್ಲಿ. ಕಿಮ್ಚಿ ಕೇವಲ ಎಲೆಕೋಸಿನದೆಂದು ತಿಳಿಯಬಾರದು. ಉಪ್ಪು ಹಾಕಿದ ಸಿಗಡಿಯೋ ಮೀನಿನ ರಸವೋ ಅದರಲ್ಲಿ ಸಾಮಾನ್ಯ. ಸೋಯಾ ಹಿಟ್ಟಿನ ಸಾರಿಗೂ ಒಣಮೀನಿನ ಕಷಾಯ ಬೀಳುತ್ತದೆ. ಅನ್ನದ ಮೇಲೆ ತರಕಾರಿಗಳನ್ನು ಜೋಡಿಸಿ ಖಾರದ ಹಿಟ್ಟಿನೊಡನೆ ಕಲಸುವ 'ಬಿಬಿಂಬಪ್' ಒಂದು ಆಸರೆ. "ಗೋಗಿ ಪೇಗೋ", ಮಾಂಸ ಬಿಟ್ಟು ಕೊಡಿ, ಎಂದರೆ ಸಾಕು. ಮೊಟ್ಟೆಯನ್ನು ಬೇರೆಯಾಗಿ ಹೇಳಬೇಕು. ಕಾಳು, ಸಿಹಿಗುಂಬಳಗಳ ಗಂಜಿಗಳೂ ಸಿಗುತ್ತವೆ. 1905ರಲ್ಲಿ ಆರಂಭವಾದ ಗ್ವಾಂಗ್‌ಜಾಂಗ್ ಮಾರುಕಟ್ಟೆಯಲ್ಲಿ ನೆನೆಸಿದ ಹೆಸರುಬೇಳೆಯನ್ನು ಬೀಸುವ ಕಲ್ಲಿನಲ್ಲಿ ಅರೆದು ಕಾವಲಿಯ ಮೇಲೆ ಹೊಯ್ಯುವುದನ್ನು ಕಂಡು ಮನೆಯವರು ಅಲ್ಲೇ ನಿಂತುಬಿಟ್ಟರು. ದೋಸೆಯೇ ಅದು, ಎಣ್ಣೆ ಮಾತ್ರ ಧಾರಾಳ. ಅದಕ್ಕೂ ಹಂದಿಮಾಂಸ ಬೆರೆಸುವುದುಂಟು, ಕೇಳಿಯೇ ಕೊಳ್ಳಬೇಕು.

ಕೇಳುವುದಕ್ಕಿಂತ ಓದುವುದು ಮೇಲೆಂದು ನಾವು ಅವರ ಲಿಪಿಯನ್ನು ಕಲಿತೆವು. ಸೇಜೋಂಗ್ ಎಂಬ ಅರಸು 1443ರಲ್ಲಿ ರೂಪಿಸಿ, 1446ರಲ್ಲಿ ಪ್ರಜೆಗಳಿಗೆ ಪ್ರಕಟಿಸಿದ ಲಿಪಿಯಿದು. ಹದಿನಾಲ್ಕು ವ್ಯಂಜನ, ಹತ್ತು ಸ್ವರ. ಅವು ಸಾಲಾಗಿ ನಿಲ್ಲದೆ ಕೂಡಿಕೊಂಡು ಒಂದೊಂದು ಅಕ್ಷರವಾಗುತ್ತವೆ. ಕಾಗುಣಿತ ಬಲ್ಲವನಿಗೆ ಒಂದು ವಾರ ಸಾಕು. ಬಸ್ಸಿನ ಫಲಕದಲ್ಲಿ, ಕಚೇರಿಯ ಅರ್ಜಿಯಲ್ಲಿ ನಮ್ಮ ಅಕ್ಷರವನ್ನು ಹುಡುಕುತ್ತಲೇ ಆಯುಷ್ಯ ಕಳೆದ ನಾವು ಕಾಸರಗೋಡಿನವರು. ಗೋಡೆಯ ಮೇಲಿನ ತಿಂಡಿಪಟ್ಟಿಯನ್ನು ಬೆರಳಿಟ್ಟು ಓದಿದ ದಿನ ನಮಗಾದ ಸಂತೋಷ ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಮನಸ್ಸಿಗೆ ಪೂರ್ತಿ ಒಪ್ಪಿದ್ದು ಬೌದ್ಧ ದೇವಾಲಯಗಳ ಅಡುಗೆ. ಸಿಯೋಲಿನ ಜೋಗ್ಯೇಸಾ ದೇವಾಲಯದ ಎದುರಿಗೆ ಆ ಪಂಥದವರೇ ನಡೆಸುವ ಭೋಜನಾಲಯವಿದೆ. ಮೀನು, ಮಾಂಸಗಳ ಮಾತಿಲ್ಲ. ಬೆಳ್ಳುಳ್ಳಿ, ಈರುಳ್ಳಿಯ ಜಾತಿಯವೂ ನಿಷಿದ್ಧ. ನಿಷಿದ್ಧವಾದ ಐದರ ಹಳೆಯ ಪಟ್ಟಿಯಲ್ಲಿ ಇಂಗೂ ಇದೆ ಎಂದಾಗ ಮನೆಯವರು, "ಇಂಗು ಏನು ತಪ್ಪು ಮಾಡಿತು?" ಎಂದು ಕೇಳಿದರು. ತಾವರೆಯೆಲೆಯಲ್ಲಿ ಕಟ್ಟಿ ಬೇಯಿಸಿದ ಅನ್ನವನ್ನು ಬಿಚ್ಚಿದಾಗ ನಮ್ಮ ಅರಿಶಿನದೆಲೆಯ ಕಡುಬಿನ ನೆನಪಾಯಿತು. ಭಿಕ್ಷುಗಳು ಮಠದಲ್ಲಿ ನಾಲ್ಕು ಬಟ್ಟಲುಗಳಲ್ಲಿ ಉಂಡು, ಕೊನೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುತ್ತಾರೆ. ಒಂದು ಅಗುಳೂ ಉಳಿಯುವಂತಿಲ್ಲ. ನಮ್ಮ ಸಮಾರಂಭಗಳ ಎಲೆಗಳನ್ನು ಎತ್ತುವಾಗ ಕಾಣುವ ದೃಶ್ಯ ನೆನೆದು ನಾವು ಸುಮ್ಮನಾದೆವು.

ಇನ್ನು ಮಗನ ಊಟದ ವಿಷಯ. ಅವನ ಮನೆಯ ಬಳಿ ಆರು ಮೇಜುಗಳ ಒಂದು ಚಿಕ್ಕ ಊಟದ ಮನೆ. ನಡೆಸುವಾಕೆಗೆ ನಮ್ಮ ಮನೆಯವರಷ್ಟೇ ವಯಸ್ಸು. ಅವನು ಆಕೆಯನ್ನು ಕರೆಯುವುದು 'ಇಮೋ' ಎಂದು. ಹಾಗೆಂದರೆ ತಾಯಿಯ ಸಹೋದರಿ. ಅಲ್ಲಿ ಬಡಿಸುವ ಹೆಂಗಸರನ್ನು ಹಾಗೆ ಕರೆಯುವ ವಾಡಿಕೆಯಿದ್ದರೂ, ತನಗೊಬ್ಬಳು ತಂಗಿ ಇರುವುದು ಮನೆಯವರಿಗೆ ಅಂದೇ ತಿಳಿದದ್ದು. ರಾತ್ರಿ ಗಿರಾಕಿಗಳು ಕರಗಿದ ಮೇಲೆ ಆಕೆ, ಆಕೆಯ ಗಂಡ ಉಣ್ಣುವ ಮೇಜಿನಲ್ಲೇ ಇವನಿಗೂ ಬಟ್ಟಲು. ಹಿತ್ತಿಲಲ್ಲಿ ಸಾಲಾಗಿ ಮಣ್ಣಿನ ಭರಣಿಗಳು. ಚಳಿಗಾಲಕ್ಕೆ ಮುನ್ನ ನೆರೆಹೊರೆಯವರು ಸೇರಿ ಕಿಮ್ಚಿ ಹಾಕುವ 'ಕಿಮ್‌ಜಾಂಗ್' ಸಂಪ್ರದಾಯವನ್ನು ಯುನೆಸ್ಕೊ 2013ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಮ್ಮಲ್ಲಿ ಮಳೆಗಾಲಕ್ಕೆ ಮುನ್ನ ಹಲಸಿನ ಸೊಳೆಯನ್ನೂ ಮಾವಿನ ಮಿಡಿಯನ್ನೂ ಉಪ್ಪಿನಲ್ಲಿ ಹಾಕುವ ಸಂಭ್ರಮವೇ ಅದು. ಯುನೆಸ್ಕೊ ನಮ್ಮ ಅಟ್ಟದ ಭರಣಿಗಳನ್ನು ಇನ್ನೂ ನೋಡಿಲ್ಲ, ಅಷ್ಟೆ. ಇಮೋ ಒಂದು ಚಿಕ್ಕ ಭರಣಿಯ ಮುಚ್ಚಳ ತೆಗೆದು ತೋರಿಸಿದಳು. ಮೀನು ಹಾಕದೆ ಇವನಿಗೆಂದೇ ಪ್ರತಿ ವರ್ಷ ಬೇರೆ ಇಡುವ ಕಿಮ್ಚಿ. ಮನೆಯವರು ಬಗ್ಗಿ ಮೂಸಿ ನೋಡಿ, ಏನೂ ಹೇಳದೆ ಆಕೆಯ ಕೈ ಹಿಡಿದುಕೊಂಡರು.

ಆಮೇಲೆ ಮಗನ ಮೂಲಕ ಒಂದು ಪ್ರಶ್ನೆ ಕೇಳಿದರು: ಅಂಗಡಿ ಮುಚ್ಚಿರುವ ಭಾನುವಾರ ಇವನಿಗೆ ಏನು ಗತಿ? ಇಮೋ ನಕ್ಕಳು. ಭಾನುವಾರ ಇವನೇ ಅಡುಗೆ ಮಾಡಿ ಆಕೆಗೂ ಆಕೆಯ ಗಂಡನಿಗೂ ತಂದುಕೊಡುತ್ತಾನಂತೆ. ಯಾವುದೋ ಒಣಗಿದ ಸಿಪ್ಪೆಯ ಕೆಂಪು ಸಾರು. ತಮ್ಮ ಒಮಿಜಾ ಹಣ್ಣಿನ ಪಾನಕದ ಹಾಗಿರುತ್ತದೆ, ಆದರೆ ಹುಳಿ ವಿಪರೀತ. ಊರಿನಿಂದ ನಾವು ಕಳುಹಿಸುತ್ತಿದ್ದ ಪುನರ್ಪುಳಿ ಎಲ್ಲಿ ಖರ್ಚಾಗುತ್ತಿತ್ತೆಂದು ಗೊತ್ತಾಯಿತು.

"ಹುಳಿ ಹೆಚ್ಚು ಹಾಕುವುದು ನಿಮ್ಮ ಕಡೆಯವರ ಕೈ" ಎಂದರು ಮನೆಯವರು, ನಮ್ಮ ಕಡೆ ತಿರುಗಿ.