ಮತ್ತೊಮ್ಮೆ ಸೂಪರ್‌ಮ್ಯಾನ್

ರಿಚರ್ಡ್ ಡಾನರ್ ನಿರ್ದೇಶಿಸಿದ 1978ರ ‘ಸೂಪರ್‌ಮ್ಯಾನ್’ ಚಿತ್ರವನ್ನು ಈಚೆಗೆ ಮನೆಯಲ್ಲೇ ಡಿವಿಡಿ ಹಾಕಿ ಮತ್ತೆ ನೋಡಿದೆವು. ಹಿಂದೆ ಥಿಯೇಟರಿನಲ್ಲಿ ಕಂಡಾಗ ನಮ್ಮ ಕಣ್ಣೆಲ್ಲ ಕ್ರಿಸ್ಟೋಫರ್ ರೀವ್‌ನ ಹಾರಾಟದ ಮೇಲೆಯೇ. ಈ ಸಲ ಮನಸ್ಸು ನಿಂತದ್ದು ಸ್ಮಾಲ್‌ವಿಲ್ಲಿನ ಹೊಲಮನೆಯಲ್ಲಿ. ಕ್ರಿಪ್ಟನ್ನಿಂದ ಬಂದ ಕೂಸನ್ನು ಸಾಕಿದ ತಂದೆ (ಪಾತ್ರಧಾರಿ ಗ್ಲೆನ್ ಫೋರ್ಡ್) ಹೃದಯಾಘಾತದಿಂದ ಕುಸಿಯುತ್ತಾನೆ. ಇಷ್ಟೆಲ್ಲ ಶಕ್ತಿಯಿದ್ದೂ ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂದು ಮಗ ಮರುಗುತ್ತಾನೆ. ಬಳಿಕ ಗೋಧಿಯ ಹೊಲದಲ್ಲಿ ತಾಯಿಯನ್ನು ತಬ್ಬಿಕೊಂಡು, ಅವಳೊಬ್ಬಳನ್ನೇ ಬಿಟ್ಟು ಹೊರಡುತ್ತಾನೆ. ಕಡೆಗೆ ಲೋಯಿಸಳಿಗಾಗಿ ಕಾಲವನ್ನೇ ಹಿಂದಕ್ಕೆ ತಿರುಗಿಸುತ್ತಾನೆ, ನಿಜ. ಆದರೆ ಆ ತಂದೆ ಮಾತ್ರ ಮರಳಿ ಬರುವುದಿಲ್ಲ. ಹಾರಾಟದ ಕೈಚಳಕ ಕಂಡು ಇಂದಿನ ಮಕ್ಕಳು ನಕ್ಕರೆ ನಗಲಿ. ಊರಿನಲ್ಲಿ ಹಿರಿಯರನ್ನು ಬಿಟ್ಟು ಬಂದ ನಮ್ಮಂಥವರು ಅವರೊಡನೆ ಕುಳಿತು ನೋಡಬೇಕಾದುದು ಆ ಹೊಲದ ದೃಶ್ಯವನ್ನು.