ಗಾಡಿ ಮುಂದಿನ ಗ್ಲಾಸ್ ಹಾಕ್ಸೋ ಮುಂಚೆ

ವೈನಿಗೋಳೆ, ಅಕ್ಕೋರೆ, ಈ ಸಲ ಅಡಗಿ ಮನಿ ಮಾತಿಲ್ಲ, ಗಾಡಿ ಮಾತು. ನಮ್ಮ ಐವಾನ್-ಎ-ಶಾಹಿ ಕಡಿ ಈಗ ಕಾರ್ ಓಡ್ಸೋ ಹೆಣ್ಣಮಕ್ಕಳು ಬಕ್ಕಳ ಆಗ್ಯಾರ. ಆದ್ರ ಮುಂದಿನ ಗ್ಲಾಸ್ ಒಡೀತಂದ್ರ ಮಾತ್ರ "ಅವ್ರು ನೋಡ್ಕೋತಾರ ಬಿಡು" ಅಂತ ಗಂಡಸರ ಕೈಯಾಗ ಕೀಲಿ ಕೊಟ್ಟು ಸುಮ್ನ ಕೂಡ್ತೀವಿ. ಅವ್ರು ಅಂಗಡ್ಯಾಗ ಕೇಳೋದು ಎರಡೇ ಮಾತು: ಎಷ್ಟಾಗ್ತದ, ಎಷ್ಟೊತ್ತಿಗಿ ಕೊಡ್ತಿ. ಈ ಎರಡಕ್ಕೂ ಕೇಳ್ಲಿಕ್ಕಿ ಚಂದ ಇರೋ ಉತ್ತರ ಕೊಡೋ ಅಂಗಡಿ ಮ್ಯಾಲೇ ನನಗ ಅನುಮಾನ ಜಾಸ್ತಿ.

ನಮ್ಮ ಕಡಿ ಗ್ಲಾಸ್ ಒಡೀಲಿಕ್ಕಿ ದೊಡ್ಡ ಅಪಘಾತ ಏನ್ ಬೇಕಾಗಿಲ್ಲ. ಕಮಲಾಪುರ ದಾಟಿ ಹುಮನಾಬಾದ್ ಕಡಿ ಹೋಗುವಾಗ ಮುಂದಿನ ಟಿಪ್ಪರ್‌ದಿಂದ ಒಂದು ಕಂಕರ್ ಸಿಡಿದ್ರ ಸಾಕು. ಸೇಡಂ ರಸ್ತಾದಾಗ ಸಿಮೆಂಟ್ ಲಾರಿ ಹಿಂದ ಹೋದ್ರೂ ಅದೇ ಕಥಿ. ಮೊದ್ಲ ಕಡ್ಲಿ ಕಾಳಿನಷ್ಟು ಚುಕ್ಕಿ ಬೀಳ್ತದ. ಬ್ಯಾಸಗ್ಯಾಗ ಗಾಡಿ ಬಿಸಿಲಿಗಿ ನಿಂತು ಕಾದಿರ್ತದ, ನಾವು ಕೂತ ಕೂಡ್ಲೇ ಎ.ಸಿ. ಜೋರ್ ಮಾಡ್ತೀವಿ, ಇಲ್ಲಾ ತಣ್ಣೀರ್ ಹೊಡಿತೀವಿ. ಚುಕ್ಕಿ ಹೋಗಿ ಗೆರಿ ಆಗ್ತದ. ಅದಕ್ಕ ಚುಕ್ಕಿ ಇದ್ದಾಗ್ಲೇ ಅದರ ಮ್ಯಾಲ ಧೂಳು, ನೀರು ಹೋಗದಂಗ ಪಾರದರ್ಶಕ ಟೇಪ್ ಹಚ್ಚಿ ಅಂಗಡಿಗಿ ಒಯ್ಯಬೇಕು. ಸಣ್ಣ ಚುಕ್ಕಿ ಇದ್ರ ಒಳಗ ರೆಸಿನ್ ತುಂಬಿ ಅಲ್ಲೇ ನಿಲ್ಲಿಸ್ತಾರ, ಹೊಸಾ ಗ್ಲಾಸ್ ಬೇಕಾಗಂಗಿಲ್ಲ. ಓಡ್ಸೋರ ಕಣ್ಣಿನ ಎದುರಿಗೇ ಬಿದ್ದಿದ್ರ, ಇಲ್ಲಾ ಅಂಚಿಗಿ ಬಂದಿದ್ರ ಮಾತ್ರ ಬದ್ಲಿ ಮಾಡೋದೇ ಖರೆ. ಒಳ್ಳೆ ಅಂಗಡಿಯವ್ರು ಫೋನ್‌ದಾಗ ರೇಟ್ ಹೇಳೋ ಮುಂಚೆ "ಎಲ್ಲಿ ಬಿದ್ದದ್ರೀ, ಎಷ್ಟ್ ದೊಡ್ಡದದ, ಫೋಟೋ ಹಾಕ್ರಿ" ಅಂತಾರ. ಚುಕ್ಕಿ ನೋಡ್ದೇ "ಬದ್ಲಿ ಮಾಡ್ಬೇಕ್ರೀ" ಅನ್ನೋರಿಗಿ ಗ್ಲಾಸ್ ಮಾರೋದದ, ಅಷ್ಟೇ.

ಮುಂದಿನ ಗ್ಲಾಸ್ ಅಂದ್ರ ಒಂದೇ ಗ್ಲಾಸ್ ಅಲ್ಲ. ಹೋಳಿಗ್ಯಾಗ ಹೂರಣ ಇದ್ದಂಗ, ಎರಡು ಗ್ಲಾಸಿನ ನಡುವ ಒಂದು ಪ್ಲಾಸ್ಟಿಕ್ ಹಾಳಿ ಇರ್ತದ. ಅದಕ್ಕೇ ಒಡದ್ರೂ ಚೂರು ಮುಖಕ್ಕ ಬಡಿಯಂಗಿಲ್ಲ, ಹಾಳಿಗಿ ಅಂಟಿಕೊಂಡೇ ಇರ್ತಾವ. ಬಾಗಲದ ಗ್ಲಾಸ್ ಬ್ಯಾರೆ, ಅದು ಒಡದ್ರ ಸಣ್ಣ ಸಣ್ಣ ಹರಳಾಗಿ ಉದುರ್ತದ. ಹೊಸಾ ಗ್ಲಾಸ್ ತಂದಾಗ ಮೂಲ್ಯಾಗ ಸಣ್ಣ ಅಕ್ಷರದಾಗ ಒತ್ತಿರೋ ಗುರ್ತು ಓದ್ರಿ: ತಯಾರು ಮಾಡಿದೋರ ಹೆಸರು, ಐ.ಎಸ್.ಐ. ಮಾರ್ಕ್, ಲ್ಯಾಮಿನೇಟೆಡ್ ಅಂತ ಇರೋದು. ಸೇಂಟ್ ಗೋಬೇನ್, ಎ.ಐ.ಎಸ್. ಹೆಸರು ಭಾಳ ಗಾಡಿ ಮ್ಯಾಲ ಕಾಣ್ತಾವ. ನಿಮ್ಮ ಗಾಡಿ ಬಾಗಲದ ಗ್ಲಾಸ್ ಮ್ಯಾಲ ಯಾವ ಹೆಸರದ ನೋಡ್ಕೊಂಡು ಹೋಗಿ ಹೋಲಿಸ್ರಿ. ಏನೂ ಬರೀದಿರೋ ಗ್ಲಾಸ್ ಇದ್ರ ಎದ್ದು ಬರ್ರಿ.

ಆದ್ರ ಗ್ಲಾಸಿಗಿಂತ ದೊಡ್ಡ ಮಾತು ಅಂಟಿಂದು. ಅದರ ಸಲುವಾಗೇ ನಮ್ಮ ಮನ್ಯಾಗ ಜಗಳ ಆಗಿದ್ದು.

ನೆಗೆಣ್ಣಿಗಿ ಏಳು ತಿಂಗಳು. ಕುಬ್ಸಕ್ಕ ಹುಮನಾಬಾದ್‌ಗಿ ಹೋಗೋದಿತ್ತು. ನಾಳಿ ಹೋಗೋದು ಅಂದ್ರ ಇವತ್ತು ಗ್ಲಾಸ್ ಈ ಕಡಿಯಿಂದ ಆ ಕಡಿಗಿ ಸೀಳಿತು. ಮೈದುನ ಒಂದು ಅಂಗಡಿಗಿ ಫೋನ್ ಹಚ್ಚಿದ. "ನಾಳಿ ಮುಂಜಾನಿ ತರ್ರಿ, ಅರ್ಧ ತಾಸಿನ್ಯಾಗ ಹಾಕಿ ಕೊಡ್ತೀವಿ, ಹಂಗೇ ಊರಿಗಿ ಹೋಗ್ರಿ" ಅಂದ್ರಂತ. ಮನಿ ಮಂದಿಗೆಲ್ಲಾ ಖುಷಿ. ನಾ ಬ್ಯಾಡಂದೆ. ಹಿಂದಿನ ಸೀಟಿನ್ಯಾಗ ಅತ್ತಿ, ಹುಡುಗ್ರು, ಬುಟ್ಟಿ. ಬಸುರಿ ಹೆಂಗಸು ಮುಂದೇ ಕೂಡಾಕಿ. ಭಾಳ ಗಾಡಿಯೊಳಗ ಎಡಗಡಿ ಏರ್‌ಬ್ಯಾಗ್ ಡ್ಯಾಶ್‌ಬೋರ್ಡ್‌ದಿಂದ ಮ್ಯಾಲಕ್ಕ ಎದ್ದು, ಗ್ಲಾಸಿಗಿ ಆತುಕೊಂಡು ನಮ್ಮ ಕಡಿ ಬರ್ತದ. ಅಂಟು ಇನ್ನಾ ಹಸಿ ಇದ್ರ ಅದೇ ಏಟಿಗಿ ಗ್ಲಾಸ್ ಹೊರಗ ಹಾರ್ತದ. ಬ್ಯಾಗಿಗಿ ಆತುಕೊಳ್ಳಾಕ ಏನೂ ಇರಂಗಿಲ್ಲ. ಗಾಡಿ ಪಲ್ಟಿ ಆದ್ರ ಮ್ಯಾಲಿನ ಛತ್ತಿಗಿ ಆಧಾರ ಕೊಡೋದ್ರಾಗೂ ಈ ಗ್ಲಾಸಿಂದು ಪಾಲದ.

"ವೈನಿ, ನಮ್ಮೂರ ಬಿಸಿಲಿಗಿ ಹತ್ತು ನಿಮಿಷಕ್ಕ ಒಣಗ್ತದ" ಅಂದ ಮೈದುನ. ಹಪ್ಪಳ, ಸಂಡಿಗಿ ಒಣಗ್ತಾವ ಖರೆ. ಈ ಅಂಟು, ಪಾಲಿಯುರಿಥೇನ್ ಅಂತಾರ, ಒಣಗೋ ಜಾತಿದಲ್ಲ; ಹಾಲು ಹೆಪ್ಪಾದಂಗ ಕೂಡ್ಬೇಕು. ಅದೂ ಗಾಳಿಯೊಳಗಿನ ತೇವ ಹೀರಿಕೊಂಡು ಕೂಡ್ತದ. ನಮ್ಮ ಬ್ಯಾಸಗಿ ಗಾಳ್ಯಾಗ ಸೆಖಿ ಅದ, ತೇವ ಎಲ್ಲದ? ಅಂಟಿನ ಟ್ಯೂಬ್ ಮಾಡಿದ ಕಂಪನಿಯವ್ರೇ, ಇಂಥಾ ಹವಾಕ್ಕ ಇಷ್ಟು ತಾಸು ಗಾಡಿ ಓಡ್ಸಬ್ಯಾಡ್ರಿ ಅಂತ ಬರದಿರ್ತಾರ. ಒಂದೊಂದು ಅಂಟಿಗಿ ಒಂದೊಂದು ಲೆಕ್ಕ. ಅದನ್ನ ಕೇಳಿದ್ರ ಹೇಳಬೇಕು, ಟ್ಯೂಬ್ ತೋರಿಸ್ಬೇಕು. ಬರೇ "ಸಿಲಿಕಾನ್ ಹಚ್ತೀವಿ" ಅಂದ್ರ ಅಲ್ಲಿ ಗಾಡಿ ಬಿಡಬ್ಯಾಡ್ರಿ.

ನಾನೇ ಕುಂತು ಮೂರು ಕಡಿ ಫೋನ್ ಹಚ್ಚಿದೆ. ಯಾವ ಅಂಟು, ಎಷ್ಟು ತಾಸು ನಿಲ್ಲಿಸ್ತೀರಿ, ನೀರು ಸೋರಿದ್ರ ಯಾರು ನೋಡೋರು. ಒಬ್ಬಾಂವ "ನಿಮ್ಮ ಮನ್ಯಾಗ ಗಂಡಸರಿಗಿ ಕೊಡ್ರಿ ಫೋನ್" ಅಂದ. ಅವನ್ನ ಬಿಟ್ಟೆ. ಇನ್ನೊಬ್ಬಾಂವ ಮಾತಿನ ನಡುವೇ ರೇಟ್ ಇಳಿಸ್ಲಿಕ್ಕಿ ಚಾಲೂ ಮಾಡಿದ. ಮೂರನೇದಾಂವ "ಅಕ್ಕೋರೆ, ಮುಂಜಾನಿ ಬಿಟ್ಟು ಹೋಗ್ರಿ, ಸಂಜಿತನ ಕೊಡಂಗಿಲ್ಲ" ಅಂದ. ಅವನ ಕಡೀನೇ ಬಿಟ್ಟೆವು. ಕುಬ್ಸಕ್ಕ ಬಾಡಿಗಿ ಗಾಡಿ ಮಾಡಿ ಹೋದ್ರು. ರೊಕ್ಕ ದಂಡ ಆಯ್ತಂತ ಮೈದುನ ಎರಡು ದಿನ ನನ್ನ ಕೂಡ ಮಾತಾಡ್ಲಿಲ್ಲ. ಮಾತಾಡ್ದಿದ್ರ ಬಿಡವಲ್ನ್ಯಾಕ.

ಅವ್ರನ್ನ ಕಳಿಸಿ ನಾ ಅಂಗಡ್ಯಾಗೇ ನಿಂತು ಕೆಲಸ ನೋಡ್ದೆ. ನೀವೂ ನಿಂತು ನೋಡ್ರಿ, ಯಾರೂ ಹೊರಗ ಹಾಕಂಗಿಲ್ಲ. ಡ್ಯಾಶ್‌ಬೋರ್ಡ್, ಬಾನೆಟ್ ಮ್ಯಾಲ ಬಟ್ಟಿ ಹೊಚ್ಚಿದ್ರು. ಹಳೇ ಗ್ಲಾಸ್ ಕೊಯ್ದು ತಗದ ಮ್ಯಾಲ ಹಳೇ ಅಂಟನ್ನ ತಗಡು ಕಾಣೋಹಂಗ ಕೆರೀಲಿಲ್ಲ, ತೆಳ್ಳಗ ಒಂದು ಪದರ ಉಳಿಸಿ ಸಮ ಮಾಡಿದ್ರು. ಹೊಸಾ ಅಂಟು ಅದಕ್ಕೇ ಚಲೋ ಹಿಡೀತದಂತ. ತಗಡಿಗಿ ಗೀರು ಬಿದ್ದಲ್ಲೆಲ್ಲಾ ಪ್ರೈಮರ್ ಹಚ್ಚಿದ್ರು, ಇಲ್ಲಂದ್ರ ಜಂಗು ಹಿಡಿದು ಅಲ್ಲಿಂದೇ ನೀರು ಸೋರ್ತದ. ಗ್ಲಾಸಿನ ಅಂಚಿಗಿ ಬರಿಗೈ ತಾಗಿಸ್ಲಿಲ್ಲ; ಕೈಯಾಗಿನ ಎಣ್ಣಿ ಪಸಿ ತಾಗಿದ್ರ ಅಂಟು ಹಿಡಿಯಂಗಿಲ್ಲ. ನಮ್ಮ ಓಣ್ಯಾಗ ಒಬ್ಬರ ಗಾಡಿಗಿ ಹಿಂಗೇ ಅವಸರದಾಗ ಹಾಕಿ ಕೊಟ್ಟಿದ್ರು. ಮೊದಲ್ನೇ ಮಳಿಗೇ ಕಾಲಾಗಿನ ಮ್ಯಾಟ್ ತೊಯ್ದು ಗಾಡಿ ತುಂಬ ಮುಗ್ಗಲು ವಾಸನಿ.

ಗಾಡಿ ತಂದ ಮ್ಯಾಲ ಒಂದು ದಿನ ಟೇಪ್ ಕೀಳಬ್ಯಾಡ್ರಿ. ಬಾಗಲ ಧಡ್ ಅಂತ ಹಾಕಬ್ಯಾಡ್ರಿ, ಒಳಗಿನ ಗಾಳಿ ಗ್ಲಾಸನ್ನ ಹೊರಗ ನೂಕ್ತದ. ಕಿಡಕಿ ಒಂದು ಬೆರಳು ತಗದಿಡ್ರಿ. ಎರಡು ದಿನ ಸರ್ವಿಸಿಂಗ್ ಪೈಪಿನ ನೀರು ಬ್ಯಾಡ. ಗ್ಲಾಸಿನ ಮ್ಯಾಲ ನಡುವ ಕ್ಯಾಮೆರಾ ಇರೋ ಹೊಸಾ ಗಾಡಿ ಇದ್ರ ಅದನ್ನ ಹೊಳ್ಳಿ ಸೆಟ್ ಮಾಡ್ಲಿಕ್ಕಿ ಬರ್ತದೇನು ಅಂತ ಮೊದಲೇ ಕೇಳ್ರಿ.

ಈಗ ರೊಕ್ಕದ ಮಾತು. ಬರೇ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ರ ಗ್ಲಾಸಿಗಿ ಒಂದು ಪೈಸಾ ಬರಂಗಿಲ್ಲ. ಫುಲ್ ಇದ್ರ ಗ್ಲಾಸಿಗಿ ಸವಕಳಿ ಕಡಿಯಂಗಿಲ್ಲ, ರಬ್ಬರ್ ಬೀಡಿಂಗಿಗಿ ಅರ್ಧ ಕಡೀತಾರ; 1500 ಸಿ.ಸಿ. ತನಕಿನ ಗಾಡಿಗಿ ಕ್ಲೇಮಿನ್ಯಾಗ 1,000 ರೂಪಾಯಿ ನಮ್ಮ ಕೈಲಿಂದ. ಇಷ್ಟ್ ಕೇಳಿ "ಪುಕ್ಕಟಾ ಆಯ್ತು" ಅನ್ನಬ್ಯಾಡ್ರಿ. ಕ್ಲೇಮ್ ಮಾಡಿದ್ರ ನೋ ಕ್ಲೇಮ್ ಬೋನಸ್ ಹೋಗ್ತದ. 50 ಪರ್ಸೆಂಟ್ ಬೋನಸ್ ಇದ್ದೋರದು ಸೊನ್ನಿಗಿ ಇಳಿದು ವರ್ಷಾ ವರ್ಷಾ 20, 25, 35, 45 ಅಂತ ಏರಿ 50ಕ್ಕ ಹೊಳ್ಳಿ ಬರ್ಬೇಕು. ನಾ ಹಿಟ್ಟಿನ ಲೆಕ್ಕದಂಗ ಕೂಡ್ಸಿ ನೋಡ್ದೆ: ಬೋನಸ್ ಕಡ್ಯೋ ಮುಂಚಿನ ಓನ್ ಡ್ಯಾಮೇಜ್ ಪ್ರೀಮಿಯಂ 8,000 ಅಂತ ಹಿಡಿದ್ರ, ಆ ಐದು ವರ್ಷಕ್ಕ ಹತ್ರ ಹತ್ರ 10,000 ರೂಪಾಯಿ ಜಾಸ್ತಿ ಕಟ್ಟಿದಂಗ. ಗ್ಲಾಸಿನ ಬಿಲ್ ಅದಕ್ಕಿಂತ ಕಮ್ಮಿ ಇದ್ರ ಕೈಲಿಂದ ಕೊಡೋದೇ ಫಾಯದೆ. ಕೆಲವು ಪಾಲಿಸ್ಯಾಗ ಬೋನಸ್ ಉಳಿಸೋ ಸೌಲತ್ತು ಇರ್ತದ, ಕಾಗದ ತಗದು ನೋಡ್ರಿ. ಕ್ಲೇಮ್ ಮಾಡೋದೇ ಇದ್ರ ಒಡೆದ ಗ್ಲಾಸಿನ ಫೋಟೋ ತಗದು ಕಂಪನಿಗಿ ತಿಳಿಸಿದ ಮ್ಯಾಲೇ ಕೆಲಸಕ್ಕ ಕೈ ಹಚ್ಚಸ್ರಿ.

ಬಿಲ್ ಮ್ಯಾಲ ಗ್ಲಾಸಿನ ಕಂಪನಿ ಹೆಸರು, ಸೋರಿದ್ರ ಎಷ್ಟು ತಿಂಗಳ ಜವಾಬ್ದಾರಿ ಅಂತ ಬರಸ್ಕೋರಿ, ಬಾಯಿ ಮಾತು ನಡ್ಯಂಗಿಲ್ಲ. ಇನ್ನೊಂದು, ಫಾಸ್ಟ್ಯಾಗ್. ಅದು ಹಳೇ ಗ್ಲಾಸಿನ ಕೂಡೇ ಹೋಗ್ತದ, ಕಿತ್ತು ಹೊಸದಕ್ಕ ಹಚ್ಚಿದ್ರ ಕೆಲಸ ಮಾಡಂಗಿಲ್ಲ. ಕೊಟ್ಟ ಬ್ಯಾಂಕಿಗಿ ಹೇಳಿ ಬ್ಯಾರೆ ತರಿಸ್ಕೋಬೇಕು. ಇಲ್ಲಂದ್ರ ಟೋಲ್‌ದಾಗ ಜಾಸ್ತಿ ರೊಕ್ಕ ಕಟ್ಟಬೇಕಾಗ್ತದ.