ಒಪ್ಪಿಗೆ ಪತ್ರಕ್ಕೆ ಸೈನ್ ಹಾಕೋ ಮುಂಚೆ

ಈ ವಾರ ತೆಂಗಿನ ವಿಷಯ ಇಲ್ಲ. ಬಿಳಿ ನೊಣದ ಬಗ್ಗೆ ಕೇಳಿದ್ದವರು ಒಂದು ವಾರ ತಡ್ಕೊಳ್ಳಿ. ದೀಪಾವಳಿ ಆದಮೇಲೆ ನಮ್ಮ ಶೆಟ್ಟಿಕೆರೆ ಹೋಬಳಿ ಕಡೆ ನಾಲ್ಕೈದು ಜನ ನನ್ನನ್ನ ಒಂದೇ ಪ್ರಶ್ನೆ ಕೇಳಿದ್ರು. "ಮಗಳನ್ನ ಮೂರು ದಿನ ಆಟಕ್ಕೆ ಅಂತ ಒಬ್ಬಳನ್ನೇ ಕಳಿಸಿದ್ಯಂತಲ್ಲ, ಹೆಂಗೆ ಧೈರ್ಯ ಬಂತು?" ಕೆಲವರು ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳಿದ್ರು, ಇನ್ನು ಕೆಲವರು ಚುಚ್ಚೋಕೆ ಕೇಳಿದ್ರು. ಇಬ್ಬರಿಗೂ ಸೇರಿಸಿ ಬರೀತಿದೀನಿ.

ಮೊದಲು ವಿಷಯ ಏನು ಅಂತ ಹೇಳ್ತೀನಿ. ನಮ್ಮ ಕಿರಿಯವಳು ಎಂಟನೇ ಕ್ಲಾಸು, 13 ತುಂಬಿದೆ. ಖೋ ಖೋ ಆಡ್ತಾಳೆ. ಶಾಲೆ ಕ್ರೀಡಾಕೂಟ ಅಂದ್ರೆ ನಿಮಗೆಲ್ಲ ಗೊತ್ತಿರೋದೇ. ಹೋಬಳಿ, ತಾಲೂಕು, ಜಿಲ್ಲೆ, ಆಮೇಲೆ ವಿಭಾಗ, ಕೊನೆಗೆ ರಾಜ್ಯ. ಹೋಬಳಿ ಮಟ್ಟಕ್ಕೆ ಮಕ್ಕಳು ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ ಕೂಗಾಡ್ಕೊಂಡು ಹೋಗಿ ಬಂದ್ರು. ತಾಲೂಕು ಮಟ್ಟ ಚಿಕ್ಕನಾಯಕನಹಳ್ಳೀಲಿ, ಸಾಯಂಕಾಲಕ್ಕೆ ಮನೆ. ಜಿಲ್ಲೆಗೆ ತುಮಕೂರು, ಕತ್ತಲಲ್ಲಿ ಎದ್ದು ಹೋಗಿ ಕತ್ತಲಲ್ಲಿ ಬಂದ್ರು. ಇಲ್ಲಿ ತನಕ ಯಾರೂ ಕೇಳ್ಲಿಲ್ಲ. ಜಿಲ್ಲೇಲಿ ಗೆದ್ದೇಬಿಟ್ರು ನೋಡಿ, ಅಲ್ಲಿಂದ ಶುರುವಾಯ್ತು. ನಮ್ಮ ತುಮಕೂರು ಬೆಂಗಳೂರು ವಿಭಾಗಕ್ಕೆ ಸೇರುತ್ತೆ. ಆ ವಿಭಾಗ ಕೋಲಾರದಿಂದ ಶಿವಮೊಗ್ಗದ ತನಕ ಹರಡಿದೆ. ಈ ಸಲ ಆಟ ಇದ್ದದ್ದು ಶಿವಮೊಗ್ಗದ ಕಡೆ. ಎರಡು ರಾತ್ರಿ ಅಲ್ಲೇ ಉಳಿಯಬೇಕು, ಅಪ್ಪ ಅಮ್ಮ ಯಾರೂ ಬರೋ ಹಂಗಿಲ್ಲ. ಒಬ್ಬರು ಬಂದ್ರೆ ಎಲ್ಲರೂ ಬರ್ತೀವಿ ಅಂತಾರೆ, ಮಲಗೋಕೆ ಜಾಗ ಇರಲ್ಲ ಅಂದ್ರು ಮೇಷ್ಟ್ರು. ಅದು ಸರಿಯಾದ ಮಾತೇ.

ಮನೇಲಿ ಒಂದು ವಾರ ಇದೇ ಮಾತು. ನಮ್ಮವ್ವ ಬೇಡ ಅಂತು. ಹೆಂಡತಿ ಬೇಡ ಅನ್ಲಿಲ್ಲ, ಹೂಂ ಅಂತಲೂ ಅನ್ಲಿಲ್ಲ. ಪಕ್ಕದ ತೋಟದವರೊಬ್ರು "ತೆಂಗಿನ ಸಸಿಗೆ ಎರಡು ಬೇಸಿಗೆ ಗರಿ ನೆರಳು ಮಾಡ್ತೀವಲ್ಲ, ಹಂಗೆ ಹೆಣ್ಮಕ್ಕಳು" ಅಂದ್ರು. ಈ ಹೋಲಿಕೆ ನನಗೆ ಹಿಡಿಸಲ್ಲ. ಸಸಿ ಎದ್ದು ಓಡಾಡಲ್ಲ, ಅದಕ್ಕೆ ಬಸ್ಸು ಹತ್ತೋದು ಕಲಿಸಬೇಕಾಗಿಲ್ಲ.

ನಾನೇ 14ನೇ ವಯಸ್ಸಿಗೆ ಕೊಬ್ಬರಿ ಲಾರಿ ಮೇಲೆ ಕೂತು ತಿಪಟೂರಿಗೆ ಹೋಗಿದೀನಿ. ನಮ್ಮಪ್ಪನಿಗೆ ಜ್ವರ. ಮಂಡಿ ಮುಂದೆ ಚೀಲದ ಮೇಲೆ ರಾತ್ರಿಯೆಲ್ಲ ಮಲಗಿ, ಬೆಳಿಗ್ಗೆ ತೂಕ ಹಾಕಿಸಿ, ದುಡ್ಡು ಚಡ್ಡಿ ಒಳಜೇಬಿಗೆ ಇಟ್ಕೊಂಡು ಬಂದೆ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕೊಬ್ಬರಿ ಅದು, ಮನೆಯ ಒಂದು ವರ್ಷದ ಅನ್ನ. ಆವಾಗ "ಹುಡುಗನ್ನ ಹೆಂಗೆ ಕಳಿಸಿದೆ" ಅಂತ ನಮ್ಮಪ್ಪನ್ನ ಒಬ್ಬರೂ ಕೇಳ್ಲಿಲ್ಲ.

ಅದೇ ಅಪ್ಪ ನಮ್ಮಕ್ಕನನ್ನ ನಿಲ್ಲಿಸಿದ್ರು. 1981ರ ಸುಮಾರು. ಅಕ್ಕ ಓಟದಲ್ಲಿ ಬಲು ಚುರುಕು, ಬರಿಗಾಲಲ್ಲಿ ಓಡಿ ಹೋಬಳೀಲಿ ಮೊದಲು ಬಂದಿದ್ಲು. ಆ ವರ್ಷವೇ ದೊಡ್ಡವಳಾದ್ಲು. ನೀರು ಹಾಕಿ ಆರತಿ ಎತ್ತಿದ ಮೇಲೆ ಓಟ ಹೋಯ್ತು, ಮುಂದಿನ ವರ್ಷ ಶಾಲೇನೂ ಹೋಯ್ತು. ಅವಳನ್ನ ತುರುವೇಕೆರೆ ಕಡೆ ಕೊಟ್ಟಿದೀವಿ. ಈ ವಿಷಯ ಹೇಳಿದ್ರೆ ಅಕ್ಕ ನನ್ನ ಪರ ನಿಲ್ತಾಳೆ ಅಂತ ಫೋನ್ ಮಾಡಿದೆ. ಅಕ್ಕನೇ ಎಲ್ಲರಿಗಿಂತ ಗಟ್ಟಿಯಾಗಿ ಬೇಡ ಅಂದ್ಲು. "ನಿಂಗೊತ್ತಿಲ್ಲ ಕಣೋ, ಏನಾದ್ರೂ ಒಂದು ಮಾತು ಬಂದ್ರೆ ಅದನ್ನ ಹೊತ್ಕೊಂಡು ಬದುಕೋಳು ಅವಳು, ನೀನಲ್ಲ" ಅಂದ್ಲು. ಅದಕ್ಕೆ ನನ್ನತ್ರ ಉತ್ತರ ಇರ್ಲಿಲ್ಲ. ಅಕ್ಕ ಹೇಳಿದ್ದು ಸುಳ್ಳೂ ಅಲ್ಲ.

ಇನ್ನೊಂದು ಹೆದರಿಕೇನೂ ಇತ್ತು. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲೂಕಿನ ವಸತಿ ಶಾಲೆಯಿಂದ ಪ್ರವಾಸ ಹೋಗಿದ್ದ ನಾಲ್ಕು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಲ್ಲಿ ಹೋಗ್ಬಿಟ್ರು. ಟಿವೀಲಿ ಅದನ್ನ ನೋಡಿದ ರಾತ್ರಿ ನಮ್ಮನೇಲಿ ಯಾರೂ ಸರಿಯಾಗಿ ಉಣ್ಲಿಲ್ಲ. ಆ ಮಕ್ಕಳೂ ಬಯಲುಸೀಮೆಯೋರು, ನಮ್ಮ ಮಕ್ಕಳ ಥರಾನೇ. ಕೆರೆ, ಕೃಷಿ ಹೊಂಡ ಬಿಟ್ಟು ಹರಿಯೋ ನೀರು ಕಂಡಿರಲ್ಲ. ಶಿವಮೊಗ್ಗ ಅಂದ್ರೆ ತುಂಗೆ ಪಕ್ಕದಲ್ಲೇ.

ಇಷ್ಟೆಲ್ಲ ತಲೇಲಿ ಇಟ್ಕೊಂಡೇ ಒಪ್ಪಿಗೆ ಪತ್ರ ಓದಿದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ನಿಮ್ಮಲ್ಲಿ ಸುಮಾರು ಜನ ಇಂಥ ಪತ್ರಕ್ಕೆ ಓದದೇ ಸೈನ್ ಹಾಕಿದೀರ. ನಾಲ್ಕೇ ಸಾಲು. ಮಗಳನ್ನು ಸ್ವಂತ ಇಚ್ಛೆಯಿಂದ ಕಳಿಸುತ್ತಿದ್ದೇನೆ, ಯಾವುದೇ ಅನಾಹುತವಾದಲ್ಲಿ ಶಾಲೆಯವರು ಜವಾಬ್ದಾರರಲ್ಲ, ಅಷ್ಟೇ. ಯಾರು ಕರ್ಕೊಂಡು ಹೋಗ್ತಾರೆ, ಎಲ್ಲಿ ಮಲಗ್ತಾರೆ, ಯಾವತ್ತು ಎಷ್ಟೊತ್ತಿಗೆ ವಾಪಸ್ಸು, ಒಂದೂ ಇಲ್ಲ. ಸೊಸೈಟಿ ಸಾಲಕ್ಕೆ ಇನ್ನೊಬ್ಬರಿಗೆ ಜಾಮೀನು ಹಾಕ್ಬೇಕಾದ್ರೆ ನಾವು ಹಿಂದೆ ಮುಂದೆ ಎರಡು ಸಲ ತಿರುವಿ ನೋಡ್ತೀವಿ. ಮಗಳ ಪತ್ರವನ್ನ ಬೈಕ್ ಸೀಟ್ ಮೇಲೆ ಇಟ್ಟು ಗೀಚಿ ಕಳಿಸ್ತೀವಿ.

ನಾನು ಸೈನ್ ಹಾಕದೆ ಶಾಲೆಗೆ ಹೋದೆ. ಜಗಳ ಆಡೋಕೆ ಅಲ್ಲ. ಆ ಮೇಷ್ಟ್ರು ಒಳ್ಳೇ ಮನುಷ್ಯ, ರಜೆ ದಿನವೂ ಬಂದು ಮಕ್ಕಳನ್ನ ಓಡಿಸ್ತಾರೆ. ಕೈಯಿಂದ ದುಡ್ಡು ಹಾಕಿ ಶೂ ಕೊಡಿಸಿದಾರೆ. ಅವರನ್ನ ಅನುಮಾನಿಸಿ ಕೇಳ್ತಿಲ್ಲ ಅಂತ ಮೊದಲೇ ಹೇಳ್ದೆ. ಆಮೇಲೆ ಕೇಳ್ದೆ, ಹೆಣ್ಮಕ್ಕಳ ಜೊತೆ ಹೆಂಗಸು ಟೀಚರ್ ಯಾರು ಬರ್ತಾರೆ? ಅದು ಇನ್ನೂ ಗೊತ್ತಾಗಿಲ್ಲ ಅಂದ್ರು. ಇದ್ದ ಒಬ್ಬ ಟೀಚರ್ ಬಾಣಂತನದ ರಜೆಯಲ್ಲಿದ್ರು. ಆ 13ರ ಮಕ್ಕಳಲ್ಲಿ ಅರ್ಧಕ್ಕರ್ಧ ಮುಟ್ಟಾಗೋರು. ದಾರೀಲಿ ಹೊಟ್ಟೆ ನೋವು ಬಂದ್ರೆ, ಬಟ್ಟೆ ಕೆಟ್ರೆ ಗಂಡು ಮೇಷ್ಟ್ರ ಹತ್ರ ಆ ಮಗು ಬಾಯಿ ಬಿಡುತ್ತಾ? ಈ ಮಾತನ್ನ ನಾನು ಮೀಟಿಂಗಲ್ಲಿ ಎಲ್ಲರ ಮುಂದೆ ಹೇಳ್ದೆ. ಗಂಡಸರೆಲ್ಲ ನೆಲ ನೋಡಿದ್ರು. ಹಿಂದೆ ಕೂತಿದ್ದ ಹೆಂಗಸೊಬ್ರು "ಸರಿಯಾಗಿ ಕೇಳಿದ್ರಿ ಅಣ್ಣ" ಅಂದ್ರು, ಅಷ್ಟು ಸಾಕಾಯ್ತು. ಎರಡು ದಿನದಲ್ಲಿ ಪಕ್ಕದ ಶಾಲೆಯ ಒಬ್ಬ ಟೀಚರನ್ನ ಒಪ್ಪಿಸಿದ್ರು. ಟೀಚರ್ ಸಿಗದೇ ಇದ್ದಿದ್ರೆ ನಾನು ಕಳಿಸ್ತಿರ್ಲಿಲ್ಲ. ಇದನ್ನ ಚುಚ್ಚೋಕೆ ಕೇಳಿದವರು ಗಮನಿಸಬೇಕು.

ಪತ್ರದ ಕೆಳಗೆ ನನ್ನ ಕೈಬರಹದಲ್ಲೇ ಐದು ಸಾಲು ಸೇರಿಸಿದೆ. ಕರ್ಕೊಂಡು ಹೋಗೋ ಇಬ್ಬರ ಹೆಸರು, ನಂಬರು. ಮಲಗೋ ಜಾಗದ ವಿಳಾಸ. ಕೋಣೆಗೂ ಬಚ್ಚಲಿಗೂ ಒಳಗಿನಿಂದ ಚಿಲಕ ಇರಬೇಕು, ಟೀಚರ್ ಅದೇ ಕೋಣೇಲಿ ಮಲಗಬೇಕು. ನದಿ, ಡ್ಯಾಂ, ಜಲಪಾತ ಅಂತ ಆಟ ಬಿಟ್ಟು ಎಲ್ಲೂ ಹೋಗಕೂಡದು. ರಾತ್ರಿ ಎಂಟಕ್ಕೆ ಒಂದು ಫೋನ್. ಎಸ್.ಎಸ್.ಎಲ್.ಸಿ. ಓದಿದ್ದಕ್ಕೆ ಇಷ್ಟಾದ್ರೂ ಉಪಯೋಗ ಆಯ್ತು. ಹೆಡ್‌ಮಾಸ್ಟರು ಓದಿ ಸ್ವಲ್ಪ ಹೊತ್ತು ಸುಮ್ನಿದ್ದು, ಸೀಲ್ ಹಾಕಿ ಒಂದು ಜೆರಾಕ್ಸ್ ನನಗೆ ಕೊಟ್ರು. ಆಮೇಲೆ ಉಳಿದ ಮಕ್ಕಳ ಪತ್ರಕ್ಕೂ ಅದೇ ಸಾಲು ಸೇರಿಸಿದ್ರಂತೆ.

ಮಗಳಿಗೆ ಹೇಳ್ಕೊಟ್ಟಿದ್ದು ಕಮ್ಮೀನೇ. ನನ್ನ ನಂಬರು, ಅವರಮ್ಮನ ನಂಬರು ಬಾಯಿಪಾಠ ಮಾಡಿಸ್ದೆ. ಈಗಿನ ಮಕ್ಕಳಿಗೆ ಪಬ್‌ಜಿ ಗೊತ್ತು, ಅಪ್ಪನ ನಂಬರ್ ಗೊತ್ತಿಲ್ಲ, ನಿಮ್ಮ ಮಕ್ಕಳನ್ನೇ ಒಂದ್ಸಲ ಕೇಳಿ ನೋಡಿ. ಮಕ್ಕಳ ಸಹಾಯವಾಣಿ 1098, ಪೊಲೀಸಿಗೆ 112, ಇವೆರಡೂ. ಅವರಮ್ಮ ಬ್ಯಾಗಿಗೆ ಏನು ಬೇಕೋ ಇಟ್ಲು, ಚಕ್ಕುಲಿ, ಕೊಬ್ಬರಿ ಮಿಠಾಯಿ, ಪ್ಯಾಡು, ಹಳೇ ದುಪ್ಪಟ.

ತಿಪಟೂರಿಂದ ಸರ್ಕಾರಿ ಬಸ್ಸಲ್ಲೇ ಹೋದ್ರು. 2023ರ ಜೂನಿಂದ ಶಕ್ತಿ ಯೋಜನೇಲಿ ಹೆಣ್ಮಕ್ಕಳಿಗೆ ಟಿಕೆಟ್ ಇಲ್ಲವಲ್ಲ, ಮೇಷ್ಟ್ರು ಒಬ್ಬರದೇ ದುಡ್ಡು. ಯಾರು ಏನೇ ಅನ್ಲಿ, ಈ ಯೋಜನೆ ಇಲ್ದಿದ್ರೆ ಬಡವರ ಮನೆ ಮೂರು ಮಕ್ಕಳು ಆ ಬಸ್ ಹತ್ತುತಿರ್ಲಿಲ್ಲ. ಇವಳ ಆಧಾರ್ ಕಾರ್ಡಲ್ಲಿ ಆರು ವರ್ಷದ, ಮುಂದಿನ ಹಲ್ಲು ಬಿದ್ದ ಮುಖ. ಕಂಡಕ್ಟರು ಕಾರ್ಡು ನೋಡಿ ಇವಳನ್ನ ನೋಡಿ "ಹಲ್ಲು ತೋರ್ಸಮ್ಮ" ಅಂದ್ರಂತೆ, ಬಸ್ಸೆಲ್ಲ ನಕ್ಕಿದೆ.

ಹೋದ ಮೊದಲ ದಿನ ಎಂಟಕ್ಕೆ ಸರಿಯಾಗಿ ಫೋನ್ ಬಂತು. ನಡುವೆ ನಾನು ಮಾಡ್ಲಿಲ್ಲ. ಗಂಟೆಗೊಂದ್ಸಲ ಫೋನ್ ಮಾಡಿದ್ರೆ ಕಳಿಸಿದಂಗೂ ಆಗಲ್ಲ, ಇಟ್ಕೊಂಡಂಗೂ ಆಗಲ್ಲ. ಎರಡನೇ ದಿನ ಎಂಟಾಯ್ತು, ಒಂಬತ್ತಾಯ್ತು, ಫೋನ್ ಇಲ್ಲ. ಮೇಷ್ಟ್ರದು ಸ್ವಿಚ್ ಆಫ್. ಟೀಚರ್ ನಂಬರಿಗೆ ರಿಂಗ್ ಆಗ್ತಿದೆ, ಎತ್ತೋರಿಲ್ಲ. ಹೆಂಡತಿ ದೇವರ ಮುಂದೆ ಕೂತ್ಬಿಟ್ಲು. ರಾತ್ರಿ ತ್ರೀ ಫೇಸ್ ಬರೋ ವಾರ ಅದು, ನಾನು ತೋಟಕ್ಕೆ ಹೋಗಿ ಮೋಟಾರ್ ಹಾಕಿ ಪೈಪ್ ತಿರುಗಿಸ್ತಾ ನಿಂತೆ. ನೀರು ಯಾವ ಸಾಲಿಗೆ ಹೋಯ್ತೋ ನೋಡ್ಲಿಲ್ಲ. ಮನೇಲಿ ಕೂತಿದ್ರೆ ಇಬ್ಬರೂ ಒಬ್ಬರನ್ನೊಬ್ಬರು ಬೈಕೊಂಡಿರ್ತಿದ್ವಿ. ಹತ್ತೂಕಾಲಿಗೆ ಗೊತ್ತಿಲ್ಲದ ನಂಬರಿಂದ ಬಂತು. "ಅಪ್ಪ, ನಾನೇ. ಸರ್ ಫೋನ್ ಚಾರ್ಜ್ ಇಲ್ಲ, ಮಿಸ್ ಫೋನು ಕೋಣೇಲೇ ಉಳೀತು, ಊಟಕ್ಕೆ ಲೇಟಾಯ್ತು. ಇದು ಅಡಿಗೆ ಆಂಟಿ ಫೋನು. ನಂಬರ್ ಜ್ಞಾಪಕ ಇತ್ತು." ಅಷ್ಟು ಹೇಳಿ ಇಟ್ಬಿಟ್ಲು, ಆಂಟಿ ಕರೆನ್ಸಿ ಖರ್ಚಾಗುತ್ತೆ ಅಂತ.

ಆಟದಲ್ಲಿ ಎರಡನೇ ಮ್ಯಾಚಿಗೇ ಸೋತ್ರು. ಎದುರಾಳಿ ಮಕ್ಕಳು ಕಂಬದ ಹತ್ರ ಡೈವ್ ಹೊಡೆಯೋದು ನೋಡಿ ಇವರು ಆಟ ಬಿಟ್ಟು ಬಾಯಿ ಬಿಟ್ಕೊಂಡು ನಿಂತಿದ್ರಂತೆ. ಇವಳು ಮೊದಲ ನಿಮಿಷಕ್ಕೇ ಔಟು.

ಮನೆಗೆ ಬಂದ ಮಾರನೇ ದಿನ, ರಾಗಿ ಹೊಲದ ಬದೂಲಿ ಹುಲ್ಲು ಕೊಯ್ತಿದ್ದಾಗ ಇನ್ನೊಂದು ವಿಷಯ ಹೇಳಿದ್ಲು. ಅಲ್ಲಿ ನಲ್ಲಿ ಹತ್ರ ಬೇರೆ ಊರಿನ ದೊಡ್ಡ ಹುಡುಗರು ನಾಲ್ಕು ಜನ ನಿಂತ್ಕೊಂಡು ಇವರನ್ನ ಕೆಟ್ಟದಾಗಿ ಏನೋ ಅಂದಿದಾರೆ. ಒಬ್ಬ ದಾರಿಗೆ ಅಡ್ಡ ನಿಂತಿದಾನೆ. ಇವಳು, ಇನ್ನೊಬ್ಬಳು ಬಕೆಟ್ ಅಲ್ಲೇ ಬಿಟ್ಟು ಸೀದಾ ಟೀಚರನ್ನ ಕರ್ಕೊಂಡು ಬಂದಿದಾರೆ. ಟೀಚರ್ ಆ ಹುಡುಗರ ಮೇಷ್ಟ್ರನ್ನ ಕರೆಸಿ ಅವರ ಮುಂದೆಯೇ ಉಗಿದಿದಾರೆ. ಅಲ್ಲಿಗೆ ಮುಗೀತು.

ಕೇಳ್ತಿದ್ದಂಗೆ ನನ್ನ ಕೈ ಕುಡುಗೋಲಿನ ಮೇಲೆ ಬಿಗಿಯಾಯ್ತು. "ಇನ್ಮೇಲೆ ಎಲ್ಲೂ ಹೋಗೋದು ಬೇಡ" ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಆಗ ಅವಳು ನನ್ನ ಮುಖ ನೋಡ್ತಿದ್ಲು. ಹುಲ್ಲು ಕೊಯ್ಯೋದು ನಿಲ್ಲಿಸಿ ನೋಡ್ತಿದ್ಲು. ಈ ಮಾತು ಹೇಳಿದ್ದಕ್ಕೆ ಏನು ದಂಡ ಬೀಳುತ್ತೆ ಅಂತ ಲೆಕ್ಕ ಹಾಕ್ತಿದ್ಲು. ನಾನು ಬೇಡ ಅಂದಿದ್ರೆ ಅವಳ ಆಟ ನಿಲ್ತಿತ್ತು, ಅದು ಒಂದು. ಹೇಳೋದೂ ನಿಲ್ತಿತ್ತು. ನಾಳೆ ಶಾಲೆ ದಾರೀಲೋ, ತಿಪಟೂರು ಬಸ್‌ಸ್ಟ್ಯಾಂಡಲ್ಲೋ, ನೆಂಟರ ಮನೇಲೋ ಏನಾದ್ರೂ ಆದ್ರೆ, ಅಪ್ಪನಿಗೆ ಹೇಳಿದ್ರೆ ಇರೋದೂ ಹೋಗುತ್ತೆ ಅಂತ ಬಾಯಿ ಮುಚ್ಕೊಂಡಿರ್ತಾಳೆ. ಊರಾಚೆ ಹೋದ್ರೆ ಮಾತ್ರ ಇಂಥದ್ದು ಆಗುತ್ತೆ ಅಂತ ತಿಳ್ಕೊಂಡಿರೋರು ತಮ್ಮ ಮನೆ ಹೆಣ್ಮಕ್ಕಳನ್ನ ಕೂರಿಸ್ಕೊಂಡು ಒಂದ್ಸಲ ಕೇಳ್ಬೇಕು. ಕೇಳಿದ್ರೂ ಹೇಳಲ್ಲ, ಯಾಕಂದ್ರೆ ಆ ಲೆಕ್ಕ ಅವರು ಆಗ್ಲೇ ಹಾಕಿರ್ತಾರೆ.

"ಸರಿಯಾಗಿ ಮಾಡಿದ್ಯ. ಬಕೆಟ್ ವಾಪಸ್ ಸಿಕ್ತಾ?" ಅಂದೆ. ಸಿಕ್ತು ಅಂದ್ಲು. ಅವಳ ಭುಜ ಸಡಿಲ ಆಯ್ತು. ಅವರಮ್ಮನಿಗೆ ರಾತ್ರಿ ನಾನೇ ಹೇಳ್ದೆ. "ನಾನು ಹೇಳ್ಲಿಲ್ವಾ" ಅಂತ ಶುರು ಮಾಡಿದ್ಲು. ಮಗಳು ಮಲಗಿದ ಮೇಲೆ ಎಷ್ಟು ಬೇಕಾದ್ರೂ ಬೈಯ್ಯಿ, ಅವಳ ಮುಂದೆ ಬೇಡ ಅಂದೆ. ಬೈದ್ಲು. ಕೇಳಿದೆ.

ಅಕ್ಕ ಮೂರನೇ ದಿನ ಫೋನ್ ಮಾಡಿ ಬೇರೇನೂ ಕೇಳ್ಲಿಲ್ಲ, "ಗೆದ್ರಾ?" ಅಂದ್ಲು. ಸೋತ್ರು ಅಂದೆ. "ಯಾಕೆ, ಓಡೋಕೆ ಬರಲ್ವಾ?" ಅಂತ ಸಿಟ್ಟು ಮಾಡ್ಕೊಂಡ್ಲು.

2025ರ ಜನವರೀಲಿ ದೆಹಲೀಲಿ ಖೋ ಖೋ ವಿಶ್ವಕಪ್ ನಡೀತು. ನಮ್ಮ ಹೆಣ್ಮಕ್ಕಳು ಫೈನಲ್‌ನಲ್ಲಿ ನೇಪಾಳವನ್ನ 78-40ಕ್ಕೆ ಸೋಲಿಸಿದ್ರು. ಆ ತಂಡದಲ್ಲಿ ಟಿ. ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಇದ್ಲು. ಹಳ್ಳಿ ಹುಡುಗಿ. ಅವಳನ್ನೂ ಒಂದು ದಿನ ಮೊದಲ ಸಲ ಬಸ್ಸು ಹತ್ತಿಸಿರ್ತಾರೆ. ನನ್ನ ಮಗಳು ಅಲ್ಲಿಗೆಲ್ಲ ಹೋಗ್ತಾಳೆ ಅಂತ ನಾನು ಹೇಳ್ತಿಲ್ಲ, ಮೊದಲ ನಿಮಿಷಕ್ಕೆ ಔಟ್ ಆದವಳು. ಶಿವಮೊಗ್ಗದಲ್ಲಿ ನೋಡಿದ ಡೈವನ್ನ ಈಗ ಕೊಬ್ಬರಿ ಮಟ್ಟೆ ರಾಶಿ ಮೇಲೆ ಬಿದ್ದೂ ಬಿದ್ದೂ ಕಲೀತಿದಾಳೆ, ಮೊಣಕೈ ಎಲ್ಲ ತರಚಿದೆ.

ತಂಡದಿಂದ ಒಬ್ಬಳು ಹೋಗ್ಲಿಲ್ಲ. ಎಲ್ಲರಿಗಿಂತ ಚೆನ್ನಾಗಿ ಆಡೋಳು ಅವಳೇ. ಅವರಪ್ಪನ್ನ ಊರವರು ಬೈಕೊಂಡ್ರು, ನಾನು ಬೈಯಲ್ಲ. ಹೆಂಡತಿ ತೀರ್ಕೊಂಡು ನಾಲ್ಕು ವರ್ಷ. "ನಿಮ್ಮನೇಲಿ ಏನಾದ್ರೂ ಆದ್ರೆ ಕೇಳೋಕೆ ಅವರಮ್ಮ ಅವ್ರೆ, ನನ್ನ ಮಗಳು ಯಾರತ್ರ ಹೇಳ್ತಾಳೆ" ಅಂದ. ಮೊನ್ನೆ ಡೇರಿ ಹತ್ರ ಹಾಲು ಹಾಕಿ ನಿಂತಿದ್ದಾಗ ಆ ಪತ್ರದ ಜೆರಾಕ್ಸ್ ಇದ್ರೆ ಕೊಡು ಅಂದ. ಕೊಟ್ಟೆ. ಅಲ್ಲೇ ನಿಂತು ಪೂರ್ತಿ ಓದಿದ. ಟೀಚರ್ ಅದೇ ಕೋಣೇಲಿ ಮಲಗಬೇಕು ಅನ್ನೋ ಸಾಲನ್ನ ಎರಡು ಸಲ ಓದಿ, ಮಡಚಿ ಜೇಬಿಗೆ ಹಾಕ್ಕೊಂಡ. ಹೂಂ ಅನ್ಲಿಲ್ಲ, ಊಹೂಂ ಅಂತಲೂ ಅನ್ಲಿಲ್ಲ.

ಪತ್ರದ ಫೋಟೊ ಹೆಸರು, ನಂಬರು ಮುಚ್ಚಿ ಹಾಕ್ತೀನಿ. ಬೇಕಾದವರು ನೋಡಿ ಬರ್ಕೊಳ್ಳಿ, ಇನ್ನೊಂದು ಸಾಲು ಸೇರಿಸೋದಿದ್ರೆ ನನಗೂ ಹೇಳಿ.